ಗರ್ಭಿಣಿಯೂ ಸಂಗೀತವೂ

ಮನೆಯಲ್ಲೊಬ್ಬ ಹೆಣ್ಣುಮಗಳು ಬಸುರಿಯಾದಳೆಂದರೆ ಅವಳಿಗೆ ಬರುವ ಉಪದೇಶಗಳಿಗೆ ಲೆಕ್ಕವಿರುವುದಿಲ್ಲ. ಪರಂಗಿಯ ಹಣ್ಣನ್ನು ಮುಟ್ಟಕೂಡದು, ಗ್ರಹಣದ ಹೊತ್ತಿನಲ್ಲಿ ಹೊರಗೆ ಕಾಲಿಡಕೂಡದು, ಹಾಲಿಗೆ ಕೇಸರಿಯನ್ನು ಹಾಕಿ ಕುಡಿಯಬೇಕು ಎಂದು ಮುಂತಾಗಿ ಹಿರಿಯರ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಈಚೆಗೆ ಕೆಲವು ವರ್ಷಗಳಿಂದ ಈ ಪಟ್ಟಿಗೆ ಸಂಗೀತವೂ ಸೇರಿಕೊಂಡಿದೆ. ಇಂಥ ತಿಂಗಳಲ್ಲಿ ಇಂಥ ರಾಗವನ್ನು ಕೇಳಬೇಕು, ಅದರಿಂದ ಗರ್ಭದಲ್ಲಿರುವ ಶಿಶುವಿನ ಬುದ್ಧಿ ಚುರುಕಾಗುತ್ತದೆ ಎಂದು ಹೇಳುವ ಧ್ವನಿಮುದ್ರಣಗಳು ಅಂಗಡಿಗಳಲ್ಲಿಯೂ ಮೊಬೈಲಿನಲ್ಲಿಯೂ ದೊರೆಯುತ್ತವೆ. ಹೊಟ್ಟೆಯ ಮೇಲೆ ಕಟ್ಟಿಕೊಳ್ಳತಕ್ಕ ಸಣ್ಣ ಧ್ವನಿವರ್ಧಕಗಳೂ ಮಾರಾಟಕ್ಕೆ ಬಂದಿವೆ.

ಈ ಮಾತುಗಳಲ್ಲಿ ನಿಜವೆಷ್ಟು, ಆಸೆಯೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ಈ ದಿನ ವಿಚಾರಮಾಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಪಾಠ ಹೇಳುವವನು. ಆದುದರಿಂದ ಔಷಧೋಪಚಾರದ ಸಂಗತಿಯನ್ನು ವೈದ್ಯರಿಗೆ ಬಿಟ್ಟು, ಕಿವಿ, ನೆನಪು, ಮನಸ್ಸು ಇವುಗಳಿಗೆ ಸಂಬಂಧಪಟ್ಟಷ್ಟನ್ನು ಮಾತ್ರ ಹೇಳುತ್ತೇನೆ. ಇದು ಬರಿಯ ಕುತೂಹಲದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ತಾಯಿ ಸಂಗೀತವನ್ನು ಕೇಳಿದರೆ ಮಗು ಜಾಣನಾಗುತ್ತಾನೆಂದು ಒಮ್ಮೆ ಒಪ್ಪಿಕೊಂಡ ಮೇಲೆ, ಮಗು ಜಾಣನಾಗದಿದ್ದರೆ ತಾಯಿ ಸರಿಯಾಗಿ ಕೇಳಲಿಲ್ಲವೆಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಒಂಬತ್ತು ತಿಂಗಳು ಹೊತ್ತವಳ ತಲೆಯ ಮೇಲೆ ಈ ಹೊರೆಯನ್ನೂ ಹೊರಿಸುವ ಮುಂಚೆ ಸಾಕ್ಷ್ಯವನ್ನು ನೋಡುವುದು ನ್ಯಾಯ.

ಗರ್ಭದಲ್ಲಿರುವ ಶಿಶು ಕೇಳುತ್ತದೆ ಎಂಬ ನಂಬಿಕೆ ನಮಗೆ ಹೊಸದಲ್ಲ. ಕಯಾಧುವಿನ ಗರ್ಭದಲ್ಲಿದ್ದ ಪ್ರಹ್ಲಾದನು ನಾರದರ ಉಪದೇಶವನ್ನು ಕೇಳಿದನೆಂದು ಭಾಗವತವು ಹೇಳುತ್ತದೆ. ವನಪರ್ವದ ಅಷ್ಟಾವಕ್ರನು ತಂದೆಯ ವೇದಪಾಠದಲ್ಲಿ ತಪ್ಪಿದೆಯೆಂದು ಒಳಗಿನಿಂದಲೇ ಹೇಳಿ, ತಂದೆಯ ಶಾಪದಿಂದ ಎಂಟು ಕಡೆ ಡೊಂಕಾದವನಾಗಿ ಹುಟ್ಟಿದನು. ಗರ್ಭಸ್ಥ ಶಿಕ್ಷಣವನ್ನು ಹೊಗಳುವವರು ಈ ಕಥೆಯನ್ನು ಏಕೆ ಉದಾಹರಿಸುತ್ತಾರೋ ನನಗೆ ತಿಳಿಯದು. ಅಭಿಮನ್ಯುವಿನ ಕಥೆಯಂತೂ ಎಲ್ಲರಿಗೂ ಗೊತ್ತು. ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಕೇಳಿದ್ದ ಶಿಶುವಿಗೆ ಹೊರಡುವ ಬಗೆ ತಿಳಿಯದೆ ಹೋಯಿತು, ಏಕೆಂದರೆ ಆ ಹೊತ್ತಿಗೆ ಸುಭದ್ರೆಗೆ ನಿದ್ದೆ ಬಂದಿತ್ತು. ದ್ರೋಣಪರ್ವದಲ್ಲಿ ಅಭಿಮನ್ಯು ತಾನೇ ಹೇಳುವುದು ತಂದೆ ತನಗೆ ಕಲಿಸಿದನೆಂದಷ್ಟೆ. ಗರ್ಭದ ಸಂಗತಿ ಮುಂದೆ ಕಥೆ ಹೇಳುವವರ ಬಾಯಲ್ಲಿ ಬೆಳೆದದ್ದು. ಹಾಗೆ ಬೆಳೆದ ಕಥೆಯಲ್ಲಿ ಆರು ಮಂದಿ ಮಹಾರಥರ ಅಧರ್ಮಕ್ಕೆ ಬಲಿಯಾದ ಹುಡುಗನ ಸಾವಿಗೆ ಬಸುರಿಯಾಗಿದ್ದ ತಾಯಿಯ ತೂಕಡಿಕೆಯೂ ಒಂದು ಕಾರಣವಾಯಿತು ಎಂಬುದನ್ನು ನೋಡಿದರೆ, ನಾನು ಮೇಲೆ ಹೇಳಿದ ಹೊರೆ ಎಷ್ಟು ಹಳೆಯದೆಂದು ಗೊತ್ತಾಗುತ್ತದೆ.

ಪುರಾಣದಿಂದ ಗೃಹ್ಯಸೂತ್ರಕ್ಕೆ ಬಂದರೆ ಬೇರೊಂದು ಚಿತ್ರ ಕಾಣುತ್ತದೆ. ಸೀಮಂತೋನ್ನಯನದಲ್ಲಿ ಗಂಡನು ಹೆಂಡತಿಯ ಬೈತಲೆಯನ್ನು ತೆಗೆದ ಬಳಿಕ, ಇಬ್ಬರು ವೀಣಾಗಾಯಕರಿಗೆ ಹಾಡಿರೆಂದು ಹೇಳಬೇಕು ಎಂಬುದು ಆಶ್ವಲಾಯನರ ವಿಧಿ. ಆ ಹಾಡಿನಲ್ಲಿ ಸೋಮರಾಜನ ಸ್ತುತಿಯೊಡನೆ, ಆ ಕುಟುಂಬ ಯಾವ ನದಿಯ ದಡದಲ್ಲಿ ವಾಸಿಸುತ್ತದೆಯೋ ಆ ನದಿಯ ಹೆಸರೂ ಬರಬೇಕು. ಕಾವೇರಿಯ ತೀರದವರಿಗೆ ಕಾವೇರಿ, ತುಂಗೆಯ ತೀರದವರಿಗೆ ತುಂಗೆ. ಪಾರಸ್ಕರರ ಸೂತ್ರದಲ್ಲಿಯೂ ವೀಣೆಯವರಿದ್ದಾರೆ. ಇಲ್ಲಿ ಶಿಶುವಿಗೆ ಪಾಠವಿಲ್ಲ, ಪರೀಕ್ಷೆಯಿಲ್ಲ. ಬಸುರಿಯನ್ನು ಕೂರಿಸಿ, ಅವಳ ಎದುರಿಗೆ, ಅವಳ ಊರಿನ ಹೊಳೆಯನ್ನು ಹಾಡುತ್ತಾರೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಯಾವ ಯಾವ ಕಾರ್ಯಕ್ಕೆ ಯಾವುದು ಶ್ರೇಷ್ಠವೆಂದು ಹೇಳುವ ಒಂದು ಉದ್ದವಾದ ಪಟ್ಟಿಯಿದೆ. ಅದರಲ್ಲಿ ಗರ್ಭವು ನಿಲ್ಲುವುದಕ್ಕೆ ಶ್ರೇಷ್ಠವಾದುದೆಂದು ಎಣಿಸಿರುವುದು ಮನಸ್ಸಿನ ಪ್ರಸನ್ನತೆಯನ್ನು. ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಂತೆ ಅಲುಗಿಸದೆ ನಡೆಸಿಕೊಳ್ಳಬೇಕೆಂದು ಅದೇ ಗ್ರಂಥದ ಶಾರೀರಸ್ಥಾನ ಹೇಳುತ್ತದೆ. ಈ ಎರಡು ಮಾತುಗಳೂ ತಾಯಿಯನ್ನು ಕುರಿತವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಶಾಸ್ತ್ರಜ್ಞರ ಶೋಧನೆಗಳ ಕಡೆಗೆ ಹೋಗೋಣ.

ಮೊದಲು ಕಿವಿಯ ವಿಚಾರ. ಒಳಗಿವಿಯಲ್ಲಿ ಶಂಖದಂತೆ ಸುರುಳಿಸುತ್ತಿಕೊಂಡಿರುವ ಒಂದು ಅಂಗವಿದೆ. ಶಬ್ದದ ಕಂಪನಗಳನ್ನು ನರಗಳ ಸಂಜ್ಞೆಯಾಗಿ ಮಾರ್ಪಡಿಸುವುದು ಅದೇ. ಗರ್ಭದ ೨೦ನೆಯ ವಾರದ ಹೊತ್ತಿಗೆ ಅದರ ರೂಪ ಬಹುಮಟ್ಟಿಗೆ ಸಿದ್ಧವಾಗುತ್ತದೆ. ಆದರೆ ರೂಪ ಸಿದ್ಧವಾದ ಮಾತ್ರಕ್ಕೆ ಕೇಳಿಸಿತೆಂದಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಪೀಟರ್ ಹೆಪ್ಪರ್ ಮತ್ತು ಶಾಹಿದುಲ್ಲಾ ಎಂಬ ವಿದ್ವಾಂಸರು ತಾಯಂದಿರ ಹೊಟ್ಟೆಯ ಬಳಿ ಬೇರೆಬೇರೆ ಸ್ಥಾಯಿಯ ನಾದಗಳನ್ನು ನುಡಿಸಿ, ಒಳಗೆ ಶಿಶು ಅಲುಗಿತೇ ಇಲ್ಲವೇ ಎಂಬುದನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡಿ, ೧೯೯೪ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸೆಕೆಂಡಿಗೆ ೫೦೦ ಕಂಪನಗಳ ನಾದಕ್ಕೆ ಮೊಟ್ಟಮೊದಲು ಓಗೊಟ್ಟ ಶಿಶುವಿಗೆ ೧೯ ವಾರ. ೨೭ನೆಯ ವಾರದ ಹೊತ್ತಿಗೆ ೨೫೦, ೫೦೦ ಕಂಪನಗಳ ತಗ್ಗಿನ ನಾದಗಳಿಗೆ ಹೆಚ್ಚುಕಡಮೆ ಎಲ್ಲ ಶಿಶುಗಳೂ ಅಲುಗಿದವು. ಆದರೆ ೧೦೦೦, ೩೦೦೦ ಕಂಪನಗಳ ಏರುದನಿಗೆ ಆ ವಾರದಲ್ಲಿ ಒಂದೂ ಅಲುಗಲಿಲ್ಲ. ಅದಕ್ಕೆ ೩೩ರಿಂದ ೩೫ನೆಯ ವಾರದವರೆಗೆ ಕಾಯಬೇಕಾಯಿತು. ಎಂದಮೇಲೆ, ಮೂರನೆಯ ತಿಂಗಳಿಗೆ ಇಂಥ ರಾಗವೆಂದು ಗೊತ್ತುಮಾಡಿರುವ ಪಟ್ಟಿಯನ್ನು ಕೇಳುವುದಕ್ಕೆ ಒಳಗೆ ಕಿವಿಯೇ ಇನ್ನೂ ಇರುವುದಿಲ್ಲ.

ಇನ್ನು ಕಿವಿ ಬಂದ ಮೇಲೆ ಅದಕ್ಕೆ ಮುಟ್ಟುವುದು ಏನು? ಗರ್ಭಾಶಯವು ನಿಶ್ಶಬ್ದವಾದ ಗುಹೆಯಲ್ಲ. ತಾಯಿಯ ರಕ್ತನಾಳಗಳ ಮೊರೆತ, ಎದೆಯ ಬಡಿತ, ಕರುಳಿನ ಗುಡುಗುಡು ಇವು ಹಗಲಿರುಳೂ ನಡೆದಿರುತ್ತವೆ. ಹೊರಗಿನ ಶಬ್ದವು ತಾಯಿಯ ಮೈಯನ್ನೂ ಗರ್ಭದ ನೀರನ್ನೂ ದಾಟಿಕೊಂಡು ಹೋಗಬೇಕು. ಹೀಗೆ ದಾಟುವಾಗ ತಗ್ಗಿನ ನಾದಗಳು ಬಹಳ ಕುಂದುವುದಿಲ್ಲ, ಏರಿನ ನಾದಗಳು ತುಂಬ ಸೊರಗುತ್ತವೆ. ಪಕ್ಕದ ಬೀದಿಯ ಮದುವೆಮನೆಯ ಓಲಗವನ್ನು ನಮ್ಮ ಮನೆಯ ಕದ ಕಿಟಕಿಗಳನ್ನು ಮುಚ್ಚಿಕೊಂಡು ಕೇಳಿದವರಿಗೆ ಇದರ ಅನುಭವವುಂಟು. ಡೋಲಿನ ಪೆಟ್ಟು ಗೋಡೆಯನ್ನು ದಾಟಿ ಬರುತ್ತದೆ. ನಾಗಸ್ವರದ ಕುಸುರಿಯೆಲ್ಲ ಹೊರಗೇ ಉಳಿಯುತ್ತದೆ. ಒಂದು ಕಚೇರಿಗೆ ಹೋಗಿ ಕುಳಿತ ಗರ್ಭಿಣಿಯ ಶಿಶುವಿಗೆ ಮೃದಂಗದ ಎಡಗಡೆಯ ಗುಮುಕಿ, ವೀಣೆಯ ಮಂದ್ರ, ಗಾಯಕರ ದನಿಯ ಏರಿಳಿತ ಇವು ಮಂಕಾಗಿ ಮುಟ್ಟಬಹುದು. ಕೊಳಲಿನ ಮೇಲುಸ್ಥಾಯಿಯ ಬೆಡಗು ಅದರ ಪಾಲಿಗಿಲ್ಲ.

ಮಾತಿನ ಸ್ಥಿತಿಯೂ ಹೀಗೆಯೇ. ೧೯೮೦ರ ದಶಕದಲ್ಲಿ ಫ್ರಾನ್ಸಿನ ವೈದ್ಯರು, ಹೆರಿಗೆಯ ಹೊತ್ತಿನಲ್ಲಿ ಗರ್ಭಾಶಯದೊಳಗೆ ಸಣ್ಣ ಮೈಕ್ರೊಫೋನನ್ನಿಟ್ಟು ಹೊರಗಿನ ಮಾತನ್ನು ಮುದ್ರಿಸಿಕೊಂಡು, ಅದನ್ನು ದೊಡ್ಡವರಿಗೆ ಕೇಳಿಸಿದರು. ಮಾತಿನ ಧ್ವನಿಗಳಲ್ಲಿ ಮೂರರಲ್ಲೊಂದು ಪಾಲಿನಷ್ಟೇ ಅವರಿಗೆ ಗುರುತು ಹತ್ತಿತು. ಸ್ವರದ ಏರಿಳಿತ ಮಾತ್ರ ಚೆನ್ನಾಗಿ ತಿಳಿಯಿತು. ಭಾಷೆಯನ್ನು ಬಲ್ಲ ದೊಡ್ಡವರ ಪಾಡೇ ಇಷ್ಟಾದರೆ, ಚಕ್ರವ್ಯೂಹದ ಮರ್ಮವನ್ನು ಗರ್ಭದಲ್ಲಿ ತಿಳಿಯುವ ಮಾತು ದೂರವೇ ಉಳಿಯಿತು. ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಗೋಡೆಯಾಚೆ ಸಾಹಿತ್ಯ ಉದುರಿಹೋಗಿ ತಾಳವೂ ಗಮಕದ ನೆರಳೂ ಉಳಿಯುತ್ತವೆ.

ಈ ನಿಯಮಕ್ಕೆ ಒಂದು ದನಿ ಮಾತ್ರ ಹೊರತು. ಅದು ತಾಯಿಯ ದನಿ. ಅದು ಗಾಳಿಯ ಮೂಲಕವೂ ಹೋಗುತ್ತದೆ, ಅವಳ ಎಲುಬುಮಾಂಸಗಳ ಮೂಲಕ ನೇರವಾಗಿಯೂ ಇಳಿಯುತ್ತದೆ. ಹೊರಗಿನವರ ದನಿ ಒಳಗೆ ಹೋಗುವಷ್ಟರಲ್ಲಿ ಸ್ವಲ್ಪ ಕುಗ್ಗಿದರೆ, ತಾಯಿಯ ದನಿ ಒಳಗೆ ಸ್ವಲ್ಪ ಹಿಗ್ಗಿಯೇ ಇರುತ್ತದೆಂದು ಅಳೆದು ನೋಡಿದ್ದಾರೆ. ಬೆಲೆಕೊಟ್ಟು ತಂದ ಧ್ವನಿವರ್ಧಕಕ್ಕಿಂತ ಒಳ್ಳೆಯ ಯಂತ್ರ ಅವಳ ಮೈಯಲ್ಲಿಯೇ ಇದೆಯೆಂದಾಯಿತು.

ಕೇಳಿದ್ದು ನೆನಪಿನಲ್ಲಿ ಉಳಿಯುವುದೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಸಿಕ್ಕಿರುವ ಉತ್ತರ ನಿಜವಾಗಿಯೂ ಸೋಜಿಗವಾದದ್ದು. ೧೯೮೦ರಲ್ಲಿ ಅಮೆರಿಕದ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬವರು, ಹುಟ್ಟಿ ಮೂರು ದಿನವೂ ತುಂಬದ ಹತ್ತು ಶಿಶುಗಳ ಬಾಯಿಗೆ ರಬ್ಬರಿನ ತೊಟ್ಟನ್ನು ಕೊಟ್ಟರು. ಒಂದು ಬಗೆಯ ಲಯದಲ್ಲಿ ಚೀಪಿದರೆ ತನ್ನ ತಾಯಿಯ ದನಿ ಕೇಳಿಸುತ್ತದೆ, ಮತ್ತೊಂದು ಬಗೆಯಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ. ಶಿಶುಗಳು ತಾಯಿಯ ದನಿ ಬರುವಂತೆ ಚೀಪುವುದನ್ನು ಕಲಿತವು. ಮಾತು ಬಾರದ, ಕೈ ಹಿಡಿತಕ್ಕೆ ಬಾರದ ಜೀವವನ್ನು ಹೀಗೆ ಪ್ರಶ್ನೆ ಕೇಳಿ ಉತ್ತರ ಪಡೆದ ಜಾಣ್ಮೆಯನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ವಿವರಿಸುತ್ತೇನೆ, ಪ್ರತಿವರ್ಷವೂ ಹೊಸದಾಗಿಯೇ ತೋರುತ್ತದೆ. ಹುಟ್ಟಿದ ಮೇಲಿನ ಎರಡು ದಿನಗಳಲ್ಲಿಯೇ ಆ ದನಿಯನ್ನು ಕಲಿತಿರಬಹುದಲ್ಲವೇ ಎಂಬ ಆಕ್ಷೇಪಣೆಗೆ ೧೯೮೬ರಲ್ಲಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಉತ್ತರ ಕೊಟ್ಟರು. ಗರ್ಭದ ಕಡೆಯ ಆರು ವಾರ ತಾಯಂದಿರು ಒಂದು ಕಥೆಯನ್ನು ದಿನಕ್ಕೆರಡು ಸಲ ಗಟ್ಟಿಯಾಗಿ ಓದಿದರು. ಹುಟ್ಟಿದ ಶಿಶುಗಳು ಬೇರೆ ಕಥೆಗಿಂತ ಆ ಕಥೆಯನ್ನೇ ಬಯಸಿದವು, ಓದಿದವಳು ಬೇರೆಯವಳಾಗಿದ್ದರೂ ಸಹ. ಅರ್ಥವೇನೂ ತಿಳಿದಿದ್ದಲ್ಲ, ಆ ಓದಿನ ಲಯ ಪರಿಚಿತವಾಗಿತ್ತು.

ರಾಗದ ವಿಷಯದಲ್ಲಿಯೂ ಇಂಥದೇ ಸಾಕ್ಷ್ಯವುಂಟು. ಗರ್ಭಿಣಿಯರಾಗಿದ್ದಾಗ ದೂರದರ್ಶನದಲ್ಲಿ ಒಂದು ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದ ತಾಯಂದಿರ ಶಿಶುಗಳು, ಹುಟ್ಟಿದ ಎರಡು ನಾಲ್ಕು ದಿನಗಳಲ್ಲಿ ಅದರ ಆರಂಭದ ಸಂಗೀತವನ್ನು ಕೇಳಿದೊಡನೆ ಕದಲುವುದನ್ನು ನಿಲ್ಲಿಸಿ ಗಮನವಿಟ್ಟಂತೆ ತೋರಿದವೆಂದು ಹೆಪ್ಪರ್ ಬರೆದಿದ್ದಾರೆ. ಶಾಸ್ತ್ರೀಯ ಸಂಗೀತವೇ ಆಗಬೇಕೆಂಬ ಹಟ ಶಿಶುವಿಗೆ ಇಲ್ಲವೆಂಬುದನ್ನು ಗಮನಿಸಬೇಕು. ಇದಕ್ಕೊಂದು ಮುಂದರಿಕೆಯೂ ಇದೆ. ಹುಟ್ಟಿದ ಮೇಲೆ ಆ ರಾಗವನ್ನು ಮತ್ತೆ ಕೇಳಿಸದೆ ಬಿಟ್ಟರೆ ಮೂರು ವಾರಗಳ ಹೊತ್ತಿಗೆ ಆ ಗುರುತು ಕಾಣಲಿಲ್ಲ. ೨೦೧೩ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು, ಕಡೆಯ ಮೂರು ತಿಂಗಳು ವಾರಕ್ಕೆ ಐದು ದಿನ ಒಂದು ಸರಳವಾದ ಶಿಶುಗೀತದ ಮಟ್ಟನ್ನು ತಾಯಂದಿರಿಂದ ಮನೆಯಲ್ಲಿ ಹಾಕಿಸಿ, ಹುಟ್ಟಿದ ಮಕ್ಕಳ ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದರು. ಆ ಮಟ್ಟಿನ ಸ್ವರಗಳಿಗೆ ಈ ಮಕ್ಕಳ ಮಿದುಳು ಇತರರದಕ್ಕಿಂತ ಬಲವಾಗಿ ಓಗೊಟ್ಟಿತು, ನಾಲ್ಕು ತಿಂಗಳಾದ ಮೇಲೂ ಆ ವ್ಯತ್ಯಾಸ ಉಳಿದಿತ್ತು. ಆದರೆ ಪರೀಕ್ಷೆಗೆ ಒಳಪಟ್ಟ ತಾಯಂದಿರು ಎರಡು ಗುಂಪೂ ಸೇರಿ ೨೪ ಮಂದಿ ಮಾತ್ರ. ೨೦೦೯ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಮನೋಹರವಾದದ್ದು. ಹುಟ್ಟಿ ಕೆಲವೇ ದಿನಗಳಾದ ೩೦ ಫ್ರೆಂಚ್ ಶಿಶುಗಳ ಅಳುವನ್ನೂ ೩೦ ಜರ್ಮನ್ ಶಿಶುಗಳ ಅಳುವನ್ನೂ ಮುದ್ರಿಸಿ ಹೋಲಿಸಿದಾಗ, ಫ್ರೆಂಚ್ ಮಕ್ಕಳ ಅಳು ಆರೋಹಣದ ಕಡೆಗೂ ಜರ್ಮನ್ ಮಕ್ಕಳ ಅಳು ಅವರೋಹಣದ ಕಡೆಗೂ ಒಲಿಯಿತೆಂದು ಕಂಡಿತು. ಆ ಎರಡು ಭಾಷೆಗಳ ಮಾತಿನ ಧಾಟಿಯೂ ಹಾಗೆಯೇ ಇದೆ. ಕನ್ನಡದ ಶಿಶುಗಳ ಅಳುವನ್ನು ಹೀಗೆ ಅಳೆದು ನೋಡುವ ಆಸೆ ನನಗುಂಟು.

ಇಷ್ಟರಿಂದ ಸಿದ್ಧವಾದದ್ದು ಪರಿಚಯ, ನೆನಪು, ಒಲವು, ಬುದ್ಧಿಶಕ್ತಿಯಲ್ಲ. ಹಾಗಾದರೆ ಬುದ್ಧಿಯ ಮಾತು ಎಲ್ಲಿಂದ ಬಂತು? ಅದರ ಜಾತಕ ಸ್ಪಷ್ಟವಾಗಿದೆ. ೧೯೯೩ರಲ್ಲಿ ಫ್ರಾನ್ಸಿಸ್ ರೌಷರ್ ಮೊದಲಾದವರು ಅಮೆರಿಕದಲ್ಲಿ ೩೬ ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ, ಎರಡು ಪಿಯಾನೊಗಳಿಗೆಂದು ಮೊಟ್ಸಾರ್ಟ್ ರಚಿಸಿದ ಒಂದು ಕೃತಿಯನ್ನು ಹತ್ತು ನಿಮಿಷ ಕೇಳಿಸಿ, ಕೂಡಲೆ ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ಬಿಚ್ಚಿ ನೋಡುವಂಥ ಲೆಕ್ಕಗಳನ್ನು ಕೊಟ್ಟರು. ಅಂಕಗಳು ಸ್ವಲ್ಪ ಏರಿದವು. ಹತ್ತು ಹದಿನೈದು ನಿಮಿಷಗಳಲ್ಲಿ ಆ ಏರಿಕೆ ಇಳಿದುಹೋಯಿತು. ಇಲ್ಲಿ ಗರ್ಭಿಣಿಯೂ ಇಲ್ಲ, ಶಿಶುವೂ ಇಲ್ಲ. ಆದರೂ ಪತ್ರಿಕೆಗಳು ಇದಕ್ಕೊಂದು ಹೆಸರನ್ನಿಟ್ಟು ಕುಣಿಸಿದವು. ೧೯೯೮ರಲ್ಲಿ ಜಾರ್ಜಿಯಾ ಸಂಸ್ಥಾನದ ಗವರ್ನರ್ ಜೆಲ್ ಮಿಲ್ಲರ್, ತಮ್ಮ ಸಂಸ್ಥಾನದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಸಂಗೀತದ ಮುದ್ರಿಕೆಯನ್ನು ಹಂಚುವುದಕ್ಕೆ ೧,೦೫,೦೦೦ ಡಾಲರುಗಳನ್ನು ಕೇಳಿದರು. ಮರುವರ್ಷವೇ ಬೇರೆಯವರು ಪ್ರಯೋಗವನ್ನು ಮಾಡಿನೋಡಿ ಆ ಫಲ ತಮಗೆ ಸಿಕ್ಕಲಿಲ್ಲವೆಂದು ಬರೆದರು. ಕೆನಡದಲ್ಲಿ ಇಬ್ಬರು ಸಂಶೋಧಕರು ಇನ್ನೊಂದನ್ನು ಕಂಡರು: ಮೊಟ್ಸಾರ್ಟನಿಗಿಂತ ಕಥೆಯನ್ನು ಮೆಚ್ಚಿದವರಿಗೆ ಕಥೆಯನ್ನು ಕೇಳಿದ ಮೇಲೆಯೇ ಅಂಕ ಹೆಚ್ಚಾಗಿ ಬಂದಿತು. ಕೆಲಸ ಮಾಡಿದ್ದು ಮೊಟ್ಸಾರ್ಟ್ ಅಲ್ಲ, ಕೇಳುವವನಿಗಾದ ಸಂತೋಷ.

ಕಿವುಡಿಯಾದ ತಾಯಿಯನ್ನೂ ಇಲ್ಲಿ ನೆನೆಯುವುದು ಒಳ್ಳೆಯದು. ಆಕೆ ಒಂದು ರಾಗವನ್ನೂ ಕೇಳದೆ ಹೆತ್ತ ಮಕ್ಕಳು ಬುದ್ಧಿಯಲ್ಲಿ ಯಾರಿಗೂ ಕಡಮೆಯಾಗಿಲ್ಲ.

ಈಗ ತಾಯಿಯ ಮಾತಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳಿರುವುದು ಇಲ್ಲಿ. ೨೦೦೮ರಲ್ಲಿ ತೈವಾನಿನಲ್ಲಿ ೨೩೬ ಮಂದಿ ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿನವರು ಎರಡು ವಾರಗಳ ಕಾಲ ದಿನವೂ ಅರ್ಧ ಗಂಟೆ ಸಂಗೀತವನ್ನು ಕೇಳಿದರು. ಜೋಗುಳ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಹಕ್ಕಿಯ ಕೂಗು ನೀರಿನ ಹರಿವು ಮುಂತಾದ ಪ್ರಕೃತಿಯ ಶಬ್ದಗಳು, ಚೀನೀ ಮಕ್ಕಳ ಹಾಡುಗಳು, ಇವುಗಳಲ್ಲಿ ತಮಗೆ ಬೇಕಾದುದನ್ನು ಅವರು ಕೇಳಬಹುದಾಗಿತ್ತು. ಮತ್ತೊಂದು ಗುಂಪಿನವರಿಗೆ ಎಂದಿನ ವೈದ್ಯಕೀಯ ಆರೈಕೆ ಮಾತ್ರ. ಎರಡು ವಾರಗಳಾದ ಮೇಲೆ ಮೊದಲಿನವರಲ್ಲಿ ಮನಸ್ಸಿನ ಬಿಗಿತವೂ ಕಳವಳವೂ ಖಿನ್ನತೆಯೂ ಕಡಮೆಯಾಗಿದ್ದವು. ಇದಾದ ಮೇಲೆ ಬೇರೆ ದೇಶಗಳಲ್ಲಿ ನಡೆದ ಹಲವು ಪ್ರಯೋಗಗಳಲ್ಲಿಯೂ, ಹೆಚ್ಚುಕಡಮೆಗಳಿದ್ದರೂ, ಕಳವಳ ಇಳಿಯುವುದು ಕಂಡುಬಂದಿದೆ. ಇಂಥ ಪರೀಕ್ಷೆಗಳಿಗೆ ಒಂದು ಕುಂದುಂಟು. ಔಷಧದ ಗುಳಿಗೆಯಂತೆ ಸಂಗೀತವನ್ನು ಗುಟ್ಟಾಗಿ ಕೊಡಲಾಗುವುದಿಲ್ಲ. ತಾನು ಕೇಳುತ್ತಿದ್ದೇನೆಂದು ಕೇಳುವವಳಿಗೆ ಗೊತ್ತೇ ಇರುತ್ತದೆ. ಅದಲ್ಲದೆ ನನಗೊಂದು ಸಂಶಯವಿದೆ. ಅಡಿಗೆಮನೆಯಿಂದ ಯಾರೂ ಕೂಗದೆ, ಯಾರಿಗೂ ಕಾಫಿ ಬೆರಸಿಕೊಡಬೇಕಾಗದೆ, ಕಾಲು ನೀಡಿ ಕುಳಿತ ಆ ಅರ್ಧ ಗಂಟೆಗೆ ಫಲದ ಪಾಲೆಷ್ಟು, ಸಂಗೀತಕ್ಕೆ ಎಷ್ಟು? ಎರಡನ್ನೂ ಬೇರ್ಪಡಿಸುವುದು ಪ್ರಯೋಗಶಾಲೆಯಲ್ಲಿ ಮುಖ್ಯ, ಮನೆಯಲ್ಲಿ ಅಷ್ಟು ಮುಖ್ಯವಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರಾಯಿತು.

ತಾಯಿಯ ನೆಮ್ಮದಿ ಮಗುವಿಗೆ ಮುಟ್ಟುವ ದಾರಿಯೂ ಕಾಲ್ಪನಿಕವಲ್ಲ. ಭಯ, ಚಿಂತೆಗಳಿಂದ ಮೈಯಲ್ಲಿ ಕಾರ್ಟಿಸಾಲ್ ಎಂಬ ರಸ ಹೆಚ್ಚುತ್ತದೆ. ಮಾಸು ಎಂದು ನಾವು ಕರೆಯುವ ಅಂಗವು ಅದರ ಬಹುಭಾಗವನ್ನು ನಿರ್ವೀರ್ಯಗೊಳಿಸಿ ಶಿಶುವನ್ನು ಕಾಪಾಡುತ್ತದೆ, ಪೂರ್ತಿ ತಡೆಯಲಾರದು. ಬಹುಕಾಲ ಮುಂದುವರಿದ ತೀವ್ರವಾದ ಮನಃಕ್ಲೇಶಕ್ಕೂ ದಿನ ತುಂಬುವ ಮುಂಚಿನ ಹೆರಿಗೆ, ಕಡಮೆ ತೂಕದ ಶಿಶು ಇವುಗಳಿಗೂ ಸಂಬಂಧವುಂಟೆಂದು ಅನೇಕ ಅಧ್ಯಯನಗಳು ತೋರಿಸಿವೆ. ಒಂದು ದಿನ ಅತ್ತದ್ದರಿಂದಲೋ ಒಂದು ಸಲ ಜಗಳವಾದದ್ದರಿಂದಲೋ ಮಗುವಿಗೆ ಕೇಡಾಗುವುದೆಂದು ಇದರ ಅರ್ಥವಲ್ಲ. ತಿಂಗಳುಗಟ್ಟಲೆ ಎಡೆಬಿಡದೆ ಕೊರೆಯುವ ಚಿಂತೆಯ ಮಾತು ಇದು.

ಯಾವ ಸಂಗೀತವೆಂದು ಕೇಳುವವರಿಗೆ ನಮ್ಮ ಸಂಪ್ರದಾಯದಲ್ಲಿಯೇ ಉತ್ತರವಿದೆ. ಬಸುರಿಗೆ ಬಯಕೆಯಾದಾಗ ನಾವು ಏನು ಮಾಡುತ್ತೇವೆ? ನಿನಗೆ ಏನು ಬೇಕಮ್ಮ ಎಂದು ಕೇಳುತ್ತೇವೆ. ಅವಳು ಹುಣಿಸೆಕಾಯಿ ಎಂದರೆ ಹುಣಿಸೆಕಾಯಿ, ಮಾವಿನಕಾಯಿ ಎಂದರೆ ಮಾವಿನಕಾಯಿ. ತಿಂಗಳು ತಿಂಗಳಿನ ಬಯಕೆಯನ್ನು ಹೇಳುವ ಹಾಡುಗಳೇ ನಮ್ಮ ಹೆಂಗಸರಲ್ಲಿವೆ. ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆದು, ಅವಳ ಬಯಕೆಯನ್ನು ಸಲ್ಲಿಸಬೇಕೆಂದು ಸುಶ್ರುತರೂ ವಿಧಿಸಿದ್ದಾರೆ. ನಾಲಿಗೆಯ ವಿಷಯದಲ್ಲಿ ಇಷ್ಟು ಔದಾರ್ಯವನ್ನು ತೋರುವ ಮನೆಯವರು ಕಿವಿಯ ವಿಷಯ ಬಂದಾಗ ಏಕೆ ಗುರುಗಳಾಗಬೇಕು? ಅವಳಿಗೆ ಹಳೆಯ ಚಲಚ್ಚಿತ್ರದ ಹಾಡು ಇಷ್ಟವಾದರೆ ಅದೇ ಸರಿ. ದಾಸರ ಪದವಾದರೆ ಅದು. ಯಕ್ಷಗಾನದ ಭಾಗವತಿಕೆಯಾದರೆ ಅದು. ಏನೂ ಬೇಡ, ಸುಮ್ಮನೆ ಮಲಗುತ್ತೇನೆಂದರೆ ಅದೂ ಒಪ್ಪತಕ್ಕ ಬಯಕೆಯೇ.

ಶಬ್ದದ ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ನಾವು ಮಾತನಾಡುವ ದನಿ ಸುಮಾರು ೬೦ ಡೆಸಿಬೆಲ್. ಅಷ್ಟರ ಆಸುಪಾಸಿನಲ್ಲಿ ಕೋಣೆಯಲ್ಲಿ ಸಂಗೀತ ಕೇಳಿಸುತ್ತಿದ್ದರೆ ಸಾಕು. ಧ್ವನಿವರ್ಧಕವನ್ನು ಹೊಟ್ಟೆಗೆ ಒತ್ತಿಹಿಡಿಯುವುದು ಅನಾವಶ್ಯಕ. ಒಳಗೆ ಎಷ್ಟು ಜೋರಾಗಿ ಕೇಳಿಸುತ್ತಿದೆಯೆಂಬುದು ತಾಯಿಯ ಕಿವಿಗೆ ತಿಳಿಯುವಂತಿಲ್ಲ, ಕಿವಿ ಮುಚ್ಚಿಕೊಳ್ಳಲು ಶಿಶುವಿಗೆ ಸಾಧ್ಯವಿಲ್ಲ. ಮೇಲಾಗಿ ಕಡೆಯ ತಿಂಗಳುಗಳಲ್ಲಿ ಅದು ದಿನದ ಬಹುಭಾಗ ನಿದ್ದೆಯಲ್ಲಿರುತ್ತದೆ. ಮಲಗಿದ ಮಗುವಿನ ತೊಟ್ಟಿಲ ಬಳಿ ನಾವು ಯಾರೂ ಡೋಲು ಬಾರಿಸುವುದಿಲ್ಲ. ನಿಜವಾದ ಅಪಾಯವಿರುವುದು ಸಂಗೀತದಲ್ಲಲ್ಲ, ಗದ್ದಲದಲ್ಲಿ. ಸ್ವೀಡನ್ನಿನಲ್ಲಿ ೧೯೮೬ರಿಂದ ೨೦೦೮ರವರೆಗೆ ಹುಟ್ಟಿದ ೧೪ ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿಯಾಗಿದ್ದಾಗ ೮೫ ಡೆಸಿಬೆಲ್ಲಿಗೆ ಮೀರಿದ ಗದ್ದಲದಲ್ಲಿ ಪೂರ್ಣಕಾಲ ದುಡಿದವರ ಮಕ್ಕಳಲ್ಲಿ ಕಿವಿಯ ದೋಷದ ಸಂಭವ ಸುಮಾರು ಶೇಕಡ ೮೦ರಷ್ಟು ಹೆಚ್ಚಾಗಿತ್ತು. ಯಂತ್ರಮಗ್ಗದ ಕೊಟ್ಟಿಗೆಗಳಲ್ಲಿ ಇದಕ್ಕೆ ಮೀರಿದ ಸದ್ದು ಸಾಮಾನ್ಯ. ದೊಡ್ಡಬಳ್ಳಾಪುರದಂಥ ಊರುಗಳಲ್ಲಿ ಮಗ್ಗಗಳ ನಡುವೆ ದಿನವೆಲ್ಲ ನಿಲ್ಲುವ ಬಸುರಿಯರ ವಿಚಾರ, ಹೊಟ್ಟೆಗೆ ಕಟ್ಟುವ ಧ್ವನಿವರ್ಧಕದ ವಿಚಾರಕ್ಕಿಂತ ಹೆಚ್ಚು ಅವಸರದ್ದೆಂದು ನನಗೆ ತೋರುತ್ತದೆ. ಗರ್ಭಸಂಸ್ಕಾರದ ಜಾಹಿರಾತುಗಳು ಮಾತ್ರ ಅವರನ್ನು ಉದ್ದೇಶಿಸಿ ಬರುವುದಿಲ್ಲ.

ಕೇಳುವುದಕ್ಕಿಂತ ಹಾಡುವುದು ಮೇಲೆಂದು ಹೇಳುವುದಕ್ಕೂ ಆಧಾರ ಬೆಳೆಯುತ್ತಿದೆ. ಹೆರಿಗೆಯಾದ ಮೇಲೆ ಖಿನ್ನತೆಯ ಲಕ್ಷಣಗಳಿದ್ದ ೧೩೪ ಮಂದಿ ತಾಯಂದಿರನ್ನು ಇಂಗ್ಲೆಂಡಿನಲ್ಲಿ ಮೂರು ಗುಂಪು ಮಾಡಿ, ಒಂದರವರಿಗೆ ಹತ್ತು ವಾರ ಕೂಡಿ ಹಾಡುವ ಏರ್ಪಾಡನ್ನು ಮಾಡಿದರು. ಇನ್ನೊಂದರವರು ಮಕ್ಕಳೊಡನೆ ಕೂಡಿ ಆಡಿದರು. ಮತ್ತೊಂದರವರಿಗೆ ಎಂದಿನ ಆರೈಕೆ. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಾಯಿಲೆಯ ಲಕ್ಷಣಗಳು ಹೆಚ್ಚಾಗಿದ್ದವರಲ್ಲಿ ಹಾಡಿದವರ ಗುಂಪು ಬೇಗನೆ ಚೇತರಿಸಿಕೊಂಡಿತು. ಇಟಲಿಯ ಮಿಲಾನಿನಲ್ಲಿ, ೨೪ನೆಯ ವಾರದಿಂದ ಜೋಗುಳಗಳನ್ನು ಕಲಿತು, ಹೆರಿಗೆಯ ಬಳಿಕ ಮೂರು ತಿಂಗಳವರೆಗೆ ಹಾಡಿದ ತಾಯಂದಿರನ್ನು ಹಾಡದವರೊಡನೆ ಹೋಲಿಸಿ ೨೦೧೭ರಲ್ಲಿ ಬರೆದಿದ್ದಾರೆ. ಹಾಡಿದವರ ಮಕ್ಕಳ ಅಳು ಮೊದಲ ತಿಂಗಳಲ್ಲಿ ಕಡಮೆಯಾಗಿತ್ತು, ತಾಯಿಮಕ್ಕಳ ಬೆಸುಗೆಯೂ ಹೆಚ್ಚಾಗಿ ಕಂಡಿತು. ಹಾಡುವ ಗುಂಪಿಗೆ ಸೇರಿದವರು ಚೀಟಿಯೆತ್ತಿ ಬಂದವರಲ್ಲವಾದ್ದರಿಂದ ಇದನ್ನು ಕೊನೆಯ ಮಾತೆಂದು ಹಿಡಿಯಬಾರದು. ಆದರೂ ಮೇಲೆ ಹೇಳಿದ ನೆನಪಿನ ಪ್ರಯೋಗಗಳೊಡನೆ ಇದು ಹೊಂದಿಕೊಳ್ಳುತ್ತದೆ.

ನಮ್ಮಲ್ಲಿ ಸೀಮಂತಕ್ಕೆ ಹಸೆಯ ಮೇಲೆ ಕೂರಿಸಿ, ಹಸುರು ಬಳೆ ತೊಡಿಸಿ, ಮಡಿಲು ತುಂಬಿ, ಮುತ್ತೈದೆಯರೆಲ್ಲ ಸೇರಿ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುವರು. ಹಸೆಯ ಮೇಲಿದ್ದವಳೂ ತುಟಿಯಲ್ಲಿಯೇ ಗುನುಗುವಳು. ಈಗ ಪಟ್ಟಣಗಳಲ್ಲಿ ಅದೇ ಸಮಾರಂಭ ಛತ್ರಕ್ಕೆ ಹೋಗಿದೆ, ಹಾಡು ಯಂತ್ರದ ಪಾಲಾಗಿದೆ. ಎದುರು ಕುಳಿತವರ ಮಾತು ಕೇಳಿಸದಷ್ಟು ಜೋರಾಗಿ ಅದು ಹಾಡುವಾಗ ಹೆಂಗಸರು ಸುಮ್ಮನೆ ಕುಳಿತಿರುತ್ತಾರೆ. ಕಳೆದುಕೊಂಡದ್ದು ಏನೆಂಬುದನ್ನು ಇಂಗ್ಲೆಂಡಿನ ಆ ಪ್ರಯೋಗ ನಮಗೆ ಲೆಕ್ಕ ಹಾಕಿ ತೋರಿಸುತ್ತಿದೆ.

ಸಂಗೀತವು ಔಷಧದ ಸ್ಥಾನವನ್ನು ತುಂಬಲಾರದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಎರಡು ವಾರ ಮೀರಿದ ಮಂಕು, ನಿದ್ದೆಗೇಡು, ಯಾವುದರಲ್ಲಿಯೂ ಆಸೆಯಿಲ್ಲದಿರುವುದು, ಬದುಕು ಬೇಡವೆಂಬ ಮಾತು ಇವು ಕಂಡರೆ ಅದು ಕಾಯಿಲೆ. ರಾಗವನ್ನು ಬದಲಾಯಿಸಿ ನೋಡುವ ಕಾಲವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ತಾಯಂದಿರನ್ನು ಮಗುವಿನಿಂದ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೊಂದನ್ನು ೨೦೦೯ರಲ್ಲಿ ತೆರೆದರು. ಮೊದಲಿಗೆ ಹತ್ತಿರದ ವೈದ್ಯರಲ್ಲಿ ಹೋಗಿ ಹೇಳಿಕೊಂಡರೂ ಸಾಕು.

ತನ್ನ ದನಿ ಚೆನ್ನಾಗಿಲ್ಲವೆಂದು ಹಾಡಲು ಸಂಕೋಚಪಡುವ ತಾಯಂದಿರುಂಟು. ಒಳಗಿರುವ ಶ್ರೋತೃವಿಗೆ ಶ್ರುತಿಯ ಶುದ್ಧಾಶುದ್ಧಗಳ ಚಿಂತೆಯಿಲ್ಲ. ಏಳೆಂಟನೆಯ ತಿಂಗಳಿನಿಂದ ಒಂದೆರಡು ಜೋಗುಳಗಳನ್ನು ಹಿಡಿದು, ದಿನವೂ ಒಂದು ಹೊತ್ತು ಹಾಡಿಕೊಂಡು, ಬಾಣಂತನದಲ್ಲಿಯೂ ಬಿಡದೆ ಅವನ್ನೇ ಮುಂದುವರಿಸಿದರೆ ಒಳ್ಳೆಯದು. ನಡುವೆ ಬಿಟ್ಟರೆ ಗುರುತು ಅಳಿಯುವುದನ್ನು ಮೇಲೆ ನೋಡಿದೆವು. ತಂದೆಯ ಗತಿಯೇನೆಂದು ಕೇಳುವವರಿಗೆ ೧೯೮೪ರ ಒಂದು ಪ್ರಯೋಗವನ್ನು ಹೇಳಬೇಕಾಗಿದೆ. ಹೊಸದಾಗಿ ಹುಟ್ಟಿದ ಶಿಶುಗಳು ತಂದೆಯ ದನಿಯನ್ನು ಬೇರೊಬ್ಬ ಗಂಡಸಿನ ದನಿಗಿಂತ ಹೆಚ್ಚಾಗಿ ಬಯಸಲಿಲ್ಲ. ಎರಡೂ ಬೇರೆಬೇರೆಯೆಂಬುದೇನೋ ಅವಕ್ಕೆ ತಿಳಿದಿತ್ತು. ಈ ಫಲಿತಾಂಶವನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗರ ಮುಖ ಸಣ್ಣದಾಗುವುದನ್ನು ಕಂಡಿದ್ದೇನೆ. ರಾತ್ರಿ ಎರಡನೆಯ ಜಾವದಲ್ಲಿ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ತಾಯಿ ಹಾಡುತ್ತಿದ್ದ ಅದೇ ಜೋಗುಳವನ್ನು ಮಂದ್ರದಲ್ಲಿ ಗುನುಗುತ್ತ ಹಜಾರದಲ್ಲಿ ಅಡ್ಡಾಡುವ ಅವಕಾಶ ಅವರಿಗೆ ಹೆರಿಗೆಯಾದ ದಿನದಿಂದಲೇ ಉಂಟು.